ಅಜ್ಜನ ಕಾಲದ ಪಾಲಿನ ದಾವೆ: ಹಳೆಯ ಡಿಕ್ರಿಯ ನಕಲನ್ನು ಹುಡುಕುವುದು ಎಲ್ಲಿ, ಕೇಳುವುದು ಹೇಗೆ?

ಪ್ರಶ್ನೆ

ನಮ್ಮದು ಹೊನ್ನಾಳಿ ತಾಲ್ಲೂಕಿನ ಒಂದು ಹಳ್ಳಿ. ನಾನು ಉದ್ಯೋಗದ ಸಲುವಾಗಿ ಪುಣೆಯಲ್ಲಿದ್ದೇನೆ. 1983ರ ಸುಮಾರಿಗೆ ನಮ್ಮ ಅಜ್ಜ ತಮ್ಮ ಅಣ್ಣನ ಮೇಲೆ ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳಿ ದಾವೆ ಹೂಡಿದ್ದರು, ಅರ್ಧ ಪಾಲಿಗೆ ಡಿಕ್ರಿಯೂ ಆಯಿತು ಎಂದು ಮನೆಯಲ್ಲಿ ಹೇಳುತ್ತಾರೆ. ಈಗ ಅಜ್ಜನೂ ಇಲ್ಲ, ಅಪ್ಪನೂ ಇಲ್ಲ. ಟ್ರಂಕಿನಲ್ಲಿ ಸಿಕ್ಕಿದ್ದು ಡಿಕ್ರಿಯ ಮೊದಲ ಪುಟದ ಮಸುಕಾದ ಜೆರಾಕ್ಸ್ ಒಂದೇ. ಅದರಲ್ಲಿ ‘ಮುನ್ಸೀಫ್’, ‘ಓ.ಎಸ್.’ (ಮೂಲ ದಾವೆ) ಎಂಬ ಅಕ್ಷರಗಳೂ ವರ್ಷವೂ ಕಾಣುತ್ತವೆ. ಸಂಖ್ಯೆ ಇದ್ದ ಮೂಲೆ ಹರಿದುಹೋಗಿದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಜ್ಜನ ಹೆಸರು ಹಾಕಿ ಹುಡುಕಿದರೆ ದಾಖಲೆ ಇಲ್ಲ ಎಂದು ಬರುತ್ತದೆ. ಹಳೆಯ ಕಡತಗಳನ್ನೆಲ್ಲ ಸುಟ್ಟುಹಾಕಿರುತ್ತಾರೆ ಎಂದು ಒಬ್ಬರು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಂದು ಇನ್ನೊಬ್ಬರು ಹೇಳುತ್ತಾರೆ. ಕೋರ್ಟಿನ ಬಳಿ ಪರಿಚಯವಾದವರೊಬ್ಬರು 15,000 ರೂಪಾಯಿ ಕೊಟ್ಟರೆ ಹೇಗಾದರೂ ತೆಗೆಸಿಕೊಡುತ್ತೇನೆ ಎನ್ನುತ್ತಾರೆ. ಇತ್ತ ದೊಡ್ಡಜ್ಜನ ಮೊಮ್ಮಕ್ಕಳು ಆ ಜಮೀನಿನ ಒಂದು ಭಾಗವನ್ನು ಮಾರಲು ಮಾತುಕತೆ ನಡೆಸಿದ್ದಾರೆ. ದಾವೆಯಲ್ಲಿ ನನ್ನ ಹೆಸರೇ ಇಲ್ಲದಿರುವಾಗ ನಕಲು ಕೇಳುವ ಹಕ್ಕು ನನಗಿದೆಯೇ? ಎಲ್ಲಿಂದ ಆರಂಭಿಸಲಿ?

ಉತ್ತರ

ನಿಮ್ಮ ಪತ್ರದ ಕೊನೆಯಲ್ಲಿರುವ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಬಹಳ ಜನ ಅಲ್ಲಿಯೇ ಹಿಂಜರಿದು ಮುಂದಕ್ಕೆ ಹೋಗುವುದಿಲ್ಲ. ನಕಲು ಕೇಳುವ ಹಕ್ಕು ನಿಮಗೆ ಖಂಡಿತವಾಗಿ ಇದೆ. ದಾವೆಯಲ್ಲಿ ನಿಮ್ಮ ಹೆಸರಿಲ್ಲದಿದ್ದರೂ, ವಾದಿಯಾಗಿದ್ದ ಅಜ್ಜನ ಹಕ್ಕು ವಾರಸಿನ ಮೂಲಕ ನಿಮ್ಮ ತಂದೆಗೂ ಅವರ ನಂತರ ನಿಮಗೂ ಇಳಿದು ಬಂದಿರುವುದರಿಂದ ನ್ಯಾಯಾಲಯದ ದೃಷ್ಟಿಯಲ್ಲಿ ನೀವು ಹೊರಗಿನವರಲ್ಲ, ಪಕ್ಷಕಾರರ ಕಾನೂನುಬದ್ಧ ಪ್ರತಿನಿಧಿ. ಅದಲ್ಲದೆ ನ್ಯಾಯಾಲಯದ ತೀರ್ಪು ಮತ್ತು ಡಿಕ್ರಿಗಳು (ತೀರ್ಪಿನ ಫಲಿತಾಂಶವನ್ನು ಹೇಳುವ ವಿಧ್ಯುಕ್ತ ಆದೇಶಗಳು) ಸಾರ್ವಜನಿಕ ದಾಖಲೆಗಳು. 1872ರ ಸಾಕ್ಷ್ಯ ಅಧಿನಿಯಮದ 74 ಮತ್ತು 76ನೆಯ ಕಲಮುಗಳಲ್ಲಿದ್ದ ಈ ತತ್ವ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 74 ಮತ್ತು 75ನೆಯ ಕಲಮುಗಳಲ್ಲಿ ಮುಂದುವರಿದಿದೆ. ಪರಿಶೀಲಿಸುವ ಹಕ್ಕುಳ್ಳವರು ನಿಗದಿತ ಶುಲ್ಕ ಕೊಟ್ಟು ಕೇಳಿದಾಗ ಆ ದಾಖಲೆಯ ವಶವಿರುವ ಅಧಿಕಾರಿ ದೃಢೀಕೃತ ನಕಲನ್ನು ಕೊಡಬೇಕು ಎಂಬುದು ಅದರ ಸಾರ. ಆದ್ದರಿಂದ ನೀವು ಯಾರ ಮುಂದೆಯೂ ಉಪಕಾರ ಬೇಡುತ್ತಿಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾದರೆ ಮಧ್ಯವರ್ತಿಯ ಅಗತ್ಯ ಅರ್ಧದಷ್ಟು ಕರಗಿಹೋಗುತ್ತದೆ.

ನಿಮಗೆ ನಿಜವಾಗಿ ಇರುವ ತೊಡಕು ಹಕ್ಕಿನದಲ್ಲ, ಸಂಖ್ಯೆಯದು. ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿ ಕಡತಗಳನ್ನು ಜೋಡಿಸಿರುವುದು ದಾವೆಯ ಸಂಖ್ಯೆ ಮತ್ತು ವರ್ಷದ ಪ್ರಕಾರ ಅಥವಾ ವಿಲೇವಾರಿಯಾದ ದಿನಾಂಕದ ಪ್ರಕಾರವೇ ಹೊರತು ಪಕ್ಷಕಾರರ ಹೆಸರಿನ ಪ್ರಕಾರವಲ್ಲ. ಯಾವ ನ್ಯಾಯಾಲಯ, ಯಾವ ಸಂಖ್ಯೆ, ಯಾವ ವರ್ಷ ಎಂಬ ಮೂರು ವಿವರಗಳಿಲ್ಲದೆ ಹೋದವರಿಗೆ ‘ಸಿಗುವುದಿಲ್ಲ’ ಎಂಬ ಉತ್ತರ ಬಂದರೆ ಅದರ ಅರ್ಥ ಕಡತ ಇಲ್ಲ ಎಂದಲ್ಲ, ಅಷ್ಟು ವಿವರದಲ್ಲಿ ಹುಡುಕಲು ಆಗದು ಎಂದು. ಇವೆರಡರ ವ್ಯತ್ಯಾಸ ತಿಳಿಯದೆ ಎಷ್ಟೋ ಕುಟುಂಬಗಳು ಇರುವ ಡಿಕ್ರಿಯನ್ನು ಇಲ್ಲವೆಂದು ನಂಬಿ ಕೈಬಿಟ್ಟಿರುವುದನ್ನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ.

ನಿಮಗೆ ಬಂದಿರುವ ಸಲಹೆಗಳ ವಿಚಾರಕ್ಕೆ ಬರೋಣ. ಮಾಹಿತಿ ಹಕ್ಕಿನ ದಾರಿ ಇಲ್ಲಿ ನಡೆಯುವುದಿಲ್ಲ. ಗುಜರಾತ್ ಹೈಕೋರ್ಟಿನ ನಿಯಮಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ನೀಡಿದ ತೀರ್ಪಿನ ಪ್ರಕಾರ, ನ್ಯಾಯಾಲಯದ ನಿಯಮಗಳಲ್ಲೇ ನಕಲು ಪಡೆಯುವ ವ್ಯವಸ್ಥೆ ಇರುವಾಗ ನ್ಯಾಯಿಕ ಕಡತಗಳ ದೃಢೀಕೃತ ನಕಲನ್ನು ಆ ನಿಯಮಗಳ ಮೂಲಕವೇ ಕೇಳಬೇಕು. ನೀವು ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಕೆಲವು ವಾರಗಳ ನಂತರ ‘ನಕಲು ಶಾಖೆಗೆ ಅರ್ಜಿ ಸಲ್ಲಿಸಿ’ ಎಂಬ ಉತ್ತರ ಬರುತ್ತದೆ. ಜಮೀನಿನ ಮಾರಾಟದ ಮಾತು ನಡೆಯುತ್ತಿರುವ ಹೊತ್ತಿನಲ್ಲಿ ಆ ವಾರಗಳು ನಿಮಗೆ ದುಬಾರಿಯಾಗುತ್ತವೆ. ಆದರೆ ತಹಶೀಲ್ದಾರ್ ಕಚೇರಿಯ ಕಡತಗಳ ವಿಷಯದಲ್ಲಿ ಅದೇ ಮಾಹಿತಿ ಹಕ್ಕು ನಿಮಗೆ ಉಪಯೋಗಕ್ಕೆ ಬರಬಹುದು. ಅದನ್ನು ಮುಂದೆ ಹೇಳುತ್ತೇನೆ.

ಕಡತಗಳನ್ನು ಸುಟ್ಟುಹಾಕಿರುತ್ತಾರೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 1917ರ ದಾಖಲೆಗಳ ನಾಶ ಅಧಿನಿಯಮದ ಅಡಿಯಲ್ಲಿ ಹೈಕೋರ್ಟುಗಳು ನಿಯಮ ಮಾಡಿ, ಯಾವ ಕಾಗದವನ್ನು ಎಷ್ಟು ಕಾಲ ಇಡಬೇಕು ಎಂದು ಗೊತ್ತುಪಡಿಸಬಹುದು. ಆದರೆ ಆ ನಿಯಮಗಳು ಇಡೀ ಕಟ್ಟನ್ನು ಒಂದೇ ಸಲ ಬೆಂಕಿಗೆ ಹಾಕಲು ಹೇಳುವುದಿಲ್ಲ. ವಿಲೇವಾರಿಯಾದ ಮೇಲೆ ಕಡತವನ್ನು ಭಾಗಗಳಾಗಿ ಬೇರ್ಪಡಿಸುತ್ತಾರೆ. ಸಮನ್ಸು, ವಕಾಲತ್ತು, ಮುದ್ದತ್ತು ಕೇಳಿದ ಅರ್ಜಿಗಳಂಥ ಕಾಗದಗಳು ಕೆಲವೇ ವರ್ಷಗಳಲ್ಲಿ ಹೋಗುತ್ತವೆ. ತೀರ್ಪು ಮತ್ತು ಡಿಕ್ರಿ, ಅದರಲ್ಲೂ ಸ್ಥಿರಾಸ್ತಿಯ ಹಕ್ಕನ್ನು ತೀರ್ಮಾನಿಸಿದವು, ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುತ್ತವೆ. 1983ರ ಪಾಲಿನ ದಾವೆಯಲ್ಲಿ ಸಾಕ್ಷಿಗಳ ಹೇಳಿಕೆ ಸಿಗದಿರಬಹುದು, ಆದರೆ ಡಿಕ್ರಿ ಸಿಗುವ ಸಾಧ್ಯತೆಯನ್ನು ನಾನು ಮೊದಲೇ ತಳ್ಳಿಹಾಕುವುದಿಲ್ಲ. ಗೆದ್ದಲು, ಸೋರುವ ಮಾಡು, ಕಟ್ಟಡದಿಂದ ಕಟ್ಟಡಕ್ಕೆ ಸಾಗಿಸುವಾಗಿನ ಅಜಾಗರೂಕತೆ, ಇವುಗಳಿಂದ ಆದ ನಷ್ಟ ಬೇರೆ ಮಾತು, ಮತ್ತು ಅದು ನಿಜವಾದ ನಷ್ಟ.

ಕಡತಕ್ಕಿಂತ ಗಟ್ಟಿಯಾಗಿ ಉಳಿಯುವ ಇನ್ನೊಂದು ವಸ್ತು ಇದೆ: ಸಿವಿಲ್ ದಾವೆಗಳ ರಿಜಿಸ್ಟರ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 4ನೆಯ ಆದೇಶದ 2ನೆಯ ನಿಯಮದಂತೆ ಪ್ರತಿ ನ್ಯಾಯಾಲಯವೂ ದಾಖಲಾದ ದಾವೆಗಳನ್ನು ವರ್ಷವಾರು ಕ್ರಮಸಂಖ್ಯೆ ಕೊಟ್ಟು ಈ ರಿಜಿಸ್ಟರಿನಲ್ಲಿ ಬರೆಯಬೇಕು. ದಾವೆ ಸಲ್ಲಿಸಿದ ದಿನ, ವಾದಿ ಪ್ರತಿವಾದಿಗಳ ಹೆಸರು ಮತ್ತು ಊರು, ಏನು ಕೇಳಿದರು, ತೀರ್ಪು ಯಾವಾಗ ಯಾರ ಪರ ಆಯಿತು, ಮೇಲ್ಮನವಿ ಹೋಯಿತೇ, ಅಲ್ಲಿ ಏನಾಯಿತು, ಅಮಲ್ಜಾರಿ (ಡಿಕ್ರಿಯನ್ನು ಜಾರಿಗೆ ತರುವುದು) ನಡೆಯಿತೇ, ಇಷ್ಟೂ ಸಂಗತಿಗಳಿಗೆ ಅದರಲ್ಲಿ ಅಂಕಣಗಳಿವೆ. ಒಂದು ದಾವೆಯ ಇಡೀ ಬದುಕು ಒಂದು ಸಾಲಿನಲ್ಲಿ ಅಲ್ಲಿ ದಾಖಲಾಗಿರುತ್ತದೆ. ನಿಮ್ಮ ಬಳಿ ವರ್ಷ ಇದೆ, ಅಜ್ಜನ ಹೆಸರಿದೆ, ಊರಿನ ಹೆಸರಿದೆ. ಆ ವರ್ಷದ ರಿಜಿಸ್ಟರನ್ನು ಮೊದಲ ಪುಟದಿಂದ ನೋಡುತ್ತಾ ಹೋದರೆ ಸಂಖ್ಯೆ ಸಿಗಬೇಕು. ಶೋಧನೆಗಾಗಿ ಅರ್ಜಿ ಕೊಟ್ಟು, ಶುಲ್ಕ ಕೇಳಿದರೆ ಅದನ್ನು ರಸೀದಿಯೊಂದಿಗೆ ಕಟ್ಟಿ, ವಕೀಲರ ಮೂಲಕ ಪರಿಶೀಲನೆಗೆ ಅನುಮತಿ ಪಡೆಯುವುದು ಸರಿಯಾದ ಕ್ರಮ. ಜೆರಾಕ್ಸಿನಲ್ಲಿ ಕಾಣುವ ವರ್ಷ ದಾವೆ ದಾಖಲಾದ ವರ್ಷವೋ ಡಿಕ್ರಿಯಾದ ವರ್ಷವೋ ಎಂಬುದನ್ನು ಭೂತಗನ್ನಡಿ ಹಿಡಿದು ನೋಡಿ. ‘ಓ.ಎಸ್.’ ಅಕ್ಷರಗಳ ಪಕ್ಕದ ಓರೆಗೆರೆಯ ನಂತರ ಇರುವುದು ದಾಖಲಾದ ವರ್ಷ. ಬೇರೆ ಕಡೆ ದಿನ, ತಿಂಗಳಿನ ಜೊತೆ ಇರುವುದು ಡಿಕ್ರಿಯ ದಿನಾಂಕ. ಈ ಎರಡರ ನಡುವೆ ಐದಾರು ವರ್ಷ ಅಂತರವಿರುವುದು ಸಾಮಾನ್ಯ, ಮತ್ತು ತಪ್ಪು ವರ್ಷದ ರಿಜಿಸ್ಟರಿನಲ್ಲಿ ಎಷ್ಟು ಹುಡುಕಿದರೂ ಏನೂ ದೊರೆಯದು.

ಇ-ಕೋರ್ಟ್ಸ್‌ನಲ್ಲಿ ಹೆಸರು ಸಿಗಲಿಲ್ಲವೆಂದು ಕಂಗೆಡಬೇಡಿ. ಆ ಯೋಜನೆಯ ಮೊದಲ ಹಂತ ಆರಂಭವಾದದ್ದೇ 2007ರಲ್ಲಿ. ಅದಕ್ಕೆ ಬಹಳ ಹಿಂದೆ ಮುಗಿದ ದಾವೆಗಳ ವಿವರವನ್ನು ಎಲ್ಲ ನ್ಯಾಯಾಲಯಗಳೂ ಗಣಕಕ್ಕೆ ಏರಿಸಿಲ್ಲ. ಹಳೆಯ ಕಡತಗಳ ಸ್ಕ್ಯಾನಿಂಗ್ 2023ರಲ್ಲಿ ಮಂಜೂರಾದ ಮೂರನೆಯ ಹಂತದ ಕೆಲಸಗಳಲ್ಲಿ ಒಂದು. ಇನ್ನೊಂದು ಕಾರಣ ಇಂಗ್ಲಿಷ್ ಕಾಗುಣಿತ. ಸಿದ್ದಪ್ಪ, ರುದ್ರಪ್ಪ, ಹಾಲಪ್ಪ ಎಂಬಂಥ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆಯಲ್ಲಿ ಬರೆಯುತ್ತಾನೆ. ಹೆಸರಿನ ಮೊದಲ ಮೂರು ನಾಲ್ಕು ಅಕ್ಷರಗಳನ್ನಷ್ಟೇ ಕೊಟ್ಟು, ‘ವಿಲೇವಾರಿಯಾದ ಪ್ರಕರಣಗಳು’ ಎಂಬುದನ್ನು ಆರಿಸಿ, ಒಂದೊಂದೇ ವರ್ಷ ಹಾಕಿ, ದೊಡ್ಡಜ್ಜನ ಹೆಸರಿನಲ್ಲೂ ಹುಡುಕಿ ನೋಡಿ. ದಾವೆ ನಡೆಯುವಾಗಲೇ ಪಕ್ಷಕಾರರು ತೀರಿಕೊಂಡಿದ್ದರೆ ಅವರ ವಾರಸುದಾರರ ಹೆಸರಿನಲ್ಲೂ ಪ್ರಕರಣ ಇರಬಹುದು. ಸಿಕ್ಕರೆ ಹದಿನಾರು ಅಕ್ಷರ ಅಂಕಿಗಳ ಸಿ.ಎನ್.ಆರ್. ಸಂಖ್ಯೆಯೂ (ಪ್ರತಿ ಪ್ರಕರಣಕ್ಕೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಸಿಗುತ್ತದೆ, ಮುಂದಿನ ಕೆಲಸ ಹಗುರವಾಗುತ್ತದೆ. ಸಿಗದಿದ್ದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ಇನ್ನು ಯಾವ ನ್ಯಾಯಾಲಯ ಎಂಬ ಪ್ರಶ್ನೆ. ಇದರಲ್ಲಿ ಎಡವುವವರು ಬಹಳ. ಮುನ್ಸೀಫ್ ಎಂಬ ಹುದ್ದೆ ಈಗ ಆ ಹೆಸರಿನಲ್ಲಿ ಇಲ್ಲ. ಆ ನ್ಯಾಯಾಲಯವೇ ಮುಂದೆ ಸಿವಿಲ್ ನ್ಯಾಯಾಧೀಶರ ಕಿರಿಯ ಶ್ರೇಣಿ ಎನಿಸಿಕೊಂಡು, ಈಗ ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ಎಂದು ಕರೆಯಲ್ಪಡುತ್ತಿದೆ. ಆಗ ಬರಿದೆ ‘ಸಿವಿಲ್ ಜಡ್ಜ್’ ಎಂದು ಕರೆಯುತ್ತಿದ್ದ ಮೇಲಿನ ನ್ಯಾಯಾಲಯ ಈಗಿನ ಹಿರಿಯ ಸಿವಿಲ್ ನ್ಯಾಯಾಧೀಶರದು. ಹೆಸರಿನ ಈ ಹೋಲಿಕೆಯಿಂದ ಹಳೆಯ ಸಿವಿಲ್ ಜಡ್ಜ್ ನ್ಯಾಯಾಲಯದ ಕಡತವನ್ನು ಇಂದಿನ ಸಿವಿಲ್ ನ್ಯಾಯಾಧೀಶರ ಕಚೇರಿಯಲ್ಲಿ ಹುಡುಕಿ ಬರಿಗೈಯಲ್ಲಿ ಮರಳಿದವರಿದ್ದಾರೆ. ನಿಮ್ಮ ಪುಟದಲ್ಲಿ ‘ಮುನ್ಸೀಫ್’ ಎಂದೇ ಇರುವುದು ಅದೃಷ್ಟ.

ಹೊನ್ನಾಳಿ 1983ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದು ಅತ್ತ ಸೇರಿತು, ಅನಂತರ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ನೀವು ತಿಳಿಯಬೇಕಾದದ್ದು ಇಂದು ನಿಮ್ಮ ಹಳ್ಳಿ ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ ಎಂಬುದನ್ನಲ್ಲ, ದಾವೆ ಹೂಡಿದ ದಿನ ಯಾವ ಮುನ್ಸೀಫ್ ನ್ಯಾಯಾಲಯದ ವ್ಯಾಪ್ತಿಯಲ್ಲಿತ್ತು ಎಂಬುದನ್ನು. ಸ್ಥಳೀಯ ವಕೀಲರ ಸಂಘದಲ್ಲಿ ಆ ಕಾಲದಿಂದ ವೃತ್ತಿ ನಡೆಸಿದ ಹಿರಿಯರೊಬ್ಬರನ್ನು ಕೇಳಿದರೆ ಇದಕ್ಕೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಹಾಗೆಯೇ ಮುನ್ಸೀಫರ ಡಿಕ್ರಿಯ ಮೇಲೆ ನಿಮ್ಮ ದೊಡ್ಡಜ್ಜ ಮೇಲ್ಮನವಿ ಹೂಡಿದ್ದರೆ ಅದು ಆಗ ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಕ್ಕೇ ಹೋಗಿರಬೇಕು. ಮೇಲ್ಮನವಿ ಹೋದಾಗ ಕೆಳಗಿನ ನ್ಯಾಯಾಲಯದ ಕಡತವನ್ನು ತರಿಸಿಕೊಳ್ಳುತ್ತಾರೆ. ತೀರ್ಪಾದ ಮೇಲೆ ಅದು ಹಿಂದಿರುಗಬೇಕು, ಆದರೆ ಎಲ್ಲ ಸಲವೂ ಹಿಂದಿರುಗಿರುವುದಿಲ್ಲ. ಕಡತ ಕಾಣೆಯಾಗಿದೆ ಎಂದು ಹೇಳುವ ಪ್ರಕರಣಗಳಲ್ಲಿ ಮೇಲಿನ ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿ ಅದು ಕುಳಿತಿರುವುದು ಅಪರೂಪವಲ್ಲ. ಎರಡನೆಯ ಮೇಲ್ಮನವಿ ಆಗಿದ್ದರೆ ಬೆಂಗಳೂರಿನ ಹೈಕೋರ್ಟಿನಲ್ಲಿ ಆರ್.ಎಸ್.ಎ. (ರೆಗ್ಯುಲರ್ ಸೆಕೆಂಡ್ ಅಪೀಲ್) ಎಂಬ ವರ್ಗದಲ್ಲಿ ಹುಡುಕಬೇಕು. ಧಾರವಾಡ, ಕಲಬುರಗಿ ಪೀಠಗಳು ಬಂದದ್ದು 2008ರಲ್ಲಿ.

ಹೊನ್ನಾಳಿಯಂಥ ಹಳೆಯ ಮೈಸೂರು ಸೀಮೆಯವರಿಗೆ ಒಂದು ಕಷ್ಟ ಇಲ್ಲ. ಬೇರೆ ಭಾಗದ ಓದುಗರಿಗಾಗಿ ಅದನ್ನು ಹೇಳಿ ಮುಂದೆ ಹೋಗುತ್ತೇನೆ. 1956ಕ್ಕೆ ಹಿಂದಿನ ದಾವೆಯಾದರೆ ಬೀದರ್, ರಾಯಚೂರು, ಕಲಬುರಗಿ ಕಡೆಯ ಕಡತ ಉರ್ದುವಿನಲ್ಲಿರಬಹುದು, ಬೆಳಗಾವಿ ಧಾರವಾಡಗಳ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ ಇರಬಹುದು, ಮತ್ತು ಮೇಲ್ಮನವಿಗಳು ಅಂದಿನ ಹೈದರಾಬಾದ್, ಮುಂಬಯಿ ಇಲ್ಲವೇ ಮದರಾಸು ಹೈಕೋರ್ಟಿಗೆ ಹೋಗಿರುತ್ತವೆ. ನಕಲಿನ ಜೊತೆಗೆ ಓದಿ ಅನುವಾದಿಸುವವರನ್ನೂ ಹುಡುಕಬೇಕಾಗುತ್ತದೆ.

ರಿಜಿಸ್ಟರಿಗೆ ಕೈಹಾಕುವ ಮುನ್ನ, ಅಥವಾ ಅದರ ಜೊತೆಜೊತೆಗೆ, ಕಂದಾಯದ ದಾಖಲೆಗಳಿಂದ ದಾವೆ ಸಂಖ್ಯೆ ಪತ್ತೆಮಾಡುವ ದಾರಿಯನ್ನು ಬಿಡಬೇಡಿ. ಅನೇಕ ಸಲ ಇದೇ ಎಲ್ಲಕ್ಕಿಂತ ಹತ್ತಿರದ ದಾರಿ. ಡಿಕ್ರಿಯ ಆಧಾರದ ಮೇಲೆ ಖಾತೆ ಬದಲಾಗಿದ್ದರೆ ಹಕ್ಕು ಬದಲಾವಣೆಯ ರಿಜಿಸ್ಟರಿನಲ್ಲಿ, ಅಂದರೆ ಎಂ.ಆರ್.ನಲ್ಲಿ, ಯಾವ ನ್ಯಾಯಾಲಯದ ಯಾವ ದಾವೆಯ ಪ್ರಕಾರ ಎಂದು ಬರೆದಿರುತ್ತಾರೆ. ಆ ಸರ್ವೆ ನಂಬರುಗಳ ಎಂಬತ್ತರ ದಶಕದ ಕೈಬರಹದ ಪಹಣಿಗಳನ್ನು ತೆಗೆಸಿ, ಹೆಸರು ಬದಲಾದ ವರ್ಷದ ಎಂ.ಆರ್. ಸಂಖ್ಯೆ ಹಿಡಿದು, ಆ ಎಂ.ಆರ್.ನ ಪ್ರತಿಯನ್ನೂ ಅದರ ಹಿಂದಿನ ಕಡತವನ್ನೂ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಕೇಳಿ. ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಇಲ್ಲಿ. ಆ ಕಡತದಲ್ಲಿ ಡಿಕ್ರಿಯ ನಕಲೇ ಸೇರಿಕೊಂಡಿರುವ ಸಾಧ್ಯತೆಯೂ ಇದೆ. ಹೆಸರು ಎಂದೂ ಬದಲಾಗಿಲ್ಲದಿದ್ದರೆ ಅದೂ ಒಂದು ಮುಖ್ಯ ಸುಳಿವು, ಏಕೆಂದರೆ ದಾವೆ ಅರ್ಧಕ್ಕೇ ನಿಂತಿರಬಹುದು. ಅಜ್ಜ ಆ ಜಮೀನಿನ ಮೇಲೆ ಪಿ.ಎಲ್.ಡಿ. (ಪ್ರಾಥಮಿಕ ಭೂ ಅಭಿವೃದ್ಧಿ) ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಸಾಲ ಮಾಡಿದ್ದರೆ ಅಲ್ಲಿನ ಕಡತದಲ್ಲೂ, ಅಜ್ಜನ ಪರ ವಾದಿಸಿದ ವಕೀಲರ ಮನೆಯ ಹಳೆಯ ಕಪಾಟಿನಲ್ಲೂ ಡಿಕ್ರಿಯ ಪ್ರತಿ ಇರಬಹುದು. ನಿಮ್ಮ ಜೆರಾಕ್ಸಿನ ಹಿಂಬದಿಯಲ್ಲಿ ಮೊಹರಿನ ಗುರುತು, ವಕೀಲರ ಹೆಸರು, ನಕಲು ಅರ್ಜಿಯ ಸಂಖ್ಯೆ ಇದೆಯೇ ಎಂದು ನೋಡಿದ್ದೀರಾ? ಹಿಂದೆ ಯಾರೋ ದೃಢೀಕೃತ ನಕಲು ಪಡೆದೇ ಆ ಜೆರಾಕ್ಸ್ ಮಾಡಿಸಿದ್ದರೆ ಅದರ ಮೇಲಿನ ಷರಾ ಈಗಲೂ ಓದಲು ಬರಬಹುದು.

ಸಂಖ್ಯೆ ಸಿಕ್ಕ ಮೇಲೆ ನಕಲು ಅರ್ಜಿ ಬರೆಯುವುದು ಕಷ್ಟವಲ್ಲ. 1967ರ ಕರ್ನಾಟಕ ಸಿವಿಲ್ ವ್ಯವಹಾರ ನಿಯಮಗಳ ಪ್ರಕಾರ ನಕಲು ಶಾಖೆಯಲ್ಲಿ ಅರ್ಜಿ ಸಲ್ಲಿಸಬೇಕು. ನ್ಯಾಯಾಲಯದ ಹೆಸರು, ದಾವೆ ಸಂಖ್ಯೆ, ಪಕ್ಷಕಾರರ ಹೆಸರು, ವಿಲೇವಾರಿಯ ದಿನಾಂಕ, ಬೇಕಾದ ದಾಖಲೆಗಳ ಪಟ್ಟಿ, ಅರ್ಜಿದಾರರಿಗೂ ಪಕ್ಷಕಾರರಿಗೂ ಇರುವ ಸಂಬಂಧ, ಯಾವ ಉದ್ದೇಶಕ್ಕೆ ಬೇಕು, ಇಷ್ಟು ಬರೆದು ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿ ಕೊಡುತ್ತಾರೆ. ಅಜ್ಜನ ಮತ್ತು ತಂದೆಯವರ ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ನಿಮ್ಮ ಗುರುತಿನ ಚೀಟಿಯ ಪ್ರತಿಗಳನ್ನು ಸೇರಿಸಿ. ಕಡತ ಸಿಕ್ಕ ಮೇಲೆ ಪುಟಗಳ ಲೆಕ್ಕದಲ್ಲಿ ನಕಲು ಶುಲ್ಕ ಎಷ್ಟೆಂದು ಸೂಚಿಸುತ್ತಾರೆ. ಆ ಸೂಚನೆ ಸಾಮಾನ್ಯವಾಗಿ ಫಲಕದ ಮೇಲಿನ ಪಟ್ಟಿಯಲ್ಲಿ ಬರುವುದರಿಂದ, ಊರಿನಲ್ಲಿ ಯಾರೂ ಅದನ್ನು ನೋಡದೆ ಗಡುವಿನೊಳಗೆ ಹಣ ಕಟ್ಟದಿದ್ದರೆ ಅರ್ಜಿ ವಜಾ ಆಗುತ್ತದೆ. ಪುಣೆಯಲ್ಲಿರುವ ನೀವು ವಕಾಲತ್ತಿಗೆ ಸಹಿ ಹಾಕಿ ಸ್ಥಳೀಯ ವಕೀಲರ ಮೂಲಕ ಈ ಕೆಲಸ ಮಾಡಿಸುವುದೇ ಒಳ್ಳೆಯದು. ನಿಮ್ಮ ತಾಯಿಯವರು ಊರಿನಲ್ಲಿದ್ದರೆ ಅವರ ಹೆಸರಿನಲ್ಲೂ ಅರ್ಜಿ ಸಲ್ಲಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರಾಗಿರುವುದರಿಂದ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅವರಿಗೆ ವಕೀಲರನ್ನು ಕೊಡಬಲ್ಲದು.

ಏನು ಕೇಳಬೇಕು ಎಂಬುದರಲ್ಲಿ ಜಿಪುಣತನ ಬೇಡ. ಡಿಕ್ರಿಯೊಂದನ್ನೇ ಕೇಳಿದರೆ ಅದರಲ್ಲಿ ಪಾಲಿನ ಪ್ರಮಾಣ ಇರುತ್ತದೆ, ಆದರೆ ಏಕೆ ಹಾಗೆ ತೀರ್ಮಾನವಾಯಿತು ಎಂಬುದು ತೀರ್ಪಿನಲ್ಲಿ ಇರುತ್ತದೆ. ವಾದಪತ್ರವೂ ಅದರ ಆಸ್ತಿ ಷೆಡ್ಯೂಲೂ ಇಲ್ಲದಿದ್ದರೆ ಯಾವ ಯಾವ ಸರ್ವೆ ನಂಬರು ದಾವೆಯಲ್ಲಿ ಸೇರಿತ್ತು ಎಂದು ತಿಳಿಯದು. ಪ್ರತಿವಾದಿಯ ಲಿಖಿತ ಹೇಳಿಕೆಯಲ್ಲಿ ದೊಡ್ಡಜ್ಜ ಏನನ್ನು ಒಪ್ಪಿಕೊಂಡಿದ್ದರು ಎಂಬುದು ಇಂದಿನ ವ್ಯಾಜ್ಯಕ್ಕೆ ಬಹಳ ಬೆಲೆಯುಳ್ಳದ್ದು. ಆದೇಶ ಹಾಳೆಯಿಂದ ಮುಂದೇನಾಯಿತು ಎಂಬುದು ಗೊತ್ತಾಗುತ್ತದೆ. ರಾಜಿಯಾಗಿ ಮುಗಿದಿದ್ದರೆ ರಾಜಿ ಅರ್ಜಿಯ ನಕಲು ಬೇಕೇ ಬೇಕು. ಅಜ್ಜ ಹಾಜರುಪಡಿಸಿದ ಮೂಲ ಪತ್ರಗಳು ‘ನಿ.ಪಿ.’ (ವಾದಿಯ ಕಡೆಯ ನಿಶಾನೆ) ಎಂಬ ಗುರುತಿನೊಂದಿಗೆ ಕಡತದಲ್ಲೇ ಉಳಿದಿದ್ದರೆ, ಸಂಹಿತೆಯ 13ನೆಯ ಆದೇಶದ 9ನೆಯ ನಿಯಮದಂತೆ ಅವುಗಳನ್ನು ಹಿಂದಕ್ಕೆ ಪಡೆಯಲು ಪ್ರತ್ಯೇಕ ಅರ್ಜಿ ಕೊಡಬಹುದು. ಹಳೆಯ ಕ್ರಯಪತ್ರಗಳು ಹೀಗೆ ಕೋರ್ಟಿನಲ್ಲೇ ಬಿದ್ದಿದ್ದು, ಕಡತದ ಜೊತೆಗೇ ಹಾಳಾಗುವುದು ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ ಎಂಬುದು ನನ್ನ ಮನಸ್ಸಿಗೆ ಬಹಳ ನೋವು ತರುವ ಸಂಗತಿ.

ನಿಮ್ಮ ಪತ್ರದ ‘ಅರ್ಧ ಪಾಲಿಗೆ ಡಿಕ್ರಿ’ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಪಾಲಿನ ದಾವೆಯಲ್ಲಿ ಡಿಕ್ರಿ ಎರಡು ಹಂತದಲ್ಲಿ ಆಗುತ್ತದೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವುದು ಪ್ರಾಥಮಿಕ ಡಿಕ್ರಿ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ, ಯಾವ ಚಕ್ಕುಬಂದಿಯೊಳಗೆ ಯಾರಿಗೆ ಎಂದು ಹಂಚಿ, ಛಾಪಾ ಕಾಗದದ ಮೇಲೆ ಬರೆಸುವುದು ಅಂತಿಮ ಡಿಕ್ರಿ. ಕಂದಾಯದ ಜಮೀನಾದರೆ ಈ ವಿಭಜನೆಯನ್ನು ಸಂಹಿತೆಯ 54ನೆಯ ಕಲಮಿನಂತೆ ಕಂದಾಯ ಅಧಿಕಾರಿಗಳ ಮೂಲಕ ಮಾಡಿಸುತ್ತಾರೆ. ಮನೆಯವರು ‘ಗೆದ್ದೆವು’ ಎಂದು ನೆನಪಿಟ್ಟುಕೊಂಡಿರುವುದು ಬಹುಪಾಲು ಪ್ರಾಥಮಿಕ ಡಿಕ್ರಿಯನ್ನು. ಅಂತಿಮ ಡಿಕ್ರಿಗಾಗಿ ಎಫ್.ಡಿ.ಪಿ. (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್) ಎಂಬ ಬೇರೆ ಸಂಖ್ಯೆಯ ಪ್ರಕರಣ ಇರಬಹುದು. ಅದರ ಕಡತ ಬೇರೆ, ರಿಜಿಸ್ಟರೂ ಬೇರೆ ಆಗಿರುತ್ತದೆ. ಹುಡುಕುವಾಗ ಅದನ್ನು, ಮತ್ತು ಅಮಲ್ಜಾರಿ ಪ್ರಕರಣವನ್ನು, ಮರೆಯದೆ ಕೇಳಿ.

ಈ ವ್ಯತ್ಯಾಸದ ಮೇಲೆ ನಿಮ್ಮ ಮುಂದಿನ ದಾರಿ ನಿಂತಿದೆ. ಅಂತಿಮ ಡಿಕ್ರಿ ಆಗಿದ್ದು, ಮಾರಲು ಹೊರಟಿರುವ ಭಾಗ ದೊಡ್ಡಜ್ಜನ ಪಾಲಿಗೇ ಬಿದ್ದಿದ್ದರೆ ಅವರ ಮೊಮ್ಮಕ್ಕಳು ಮಾರುವುದರಲ್ಲಿ ತಪ್ಪೇನೂ ಇಲ್ಲ, ಮತ್ತು ನೀವು ತಕರಾರು ತೆಗೆದರೆ ಸೋಲುತ್ತೀರಿ. ನಿಮ್ಮ ಪಾಲಿಗೆ ಬಿದ್ದ ಭಾಗವಾಗಿದ್ದರೆ ಅಂತಿಮ ಡಿಕ್ರಿಯ ಅಮಲ್ಜಾರಿಗೆ ಇರುವ 12 ವರ್ಷಗಳ ಅವಧಿ ಮುಗಿದಿರುವುದರಿಂದ ಸ್ವಾಧೀನ ಯಾರಲ್ಲಿದೆ ಎಂಬುದು ನಿರ್ಣಾಯಕವಾಗುತ್ತದೆ. ಪ್ರಾಥಮಿಕ ಡಿಕ್ರಿಯಲ್ಲೇ ನಿಂತಿದ್ದರೆ, ಅಂತಿಮ ಡಿಕ್ರಿ ಮಾಡಿಸಲು ಅರ್ಜಿ ಸಲ್ಲಿಸುವುದಕ್ಕೆ ಕಾಲಮಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿರುವುದರಿಂದ ನಿಮಗೆ ಬಾಗಿಲು ತೆರೆದಿದೆ. ಆದರೆ ಹಾಗೆ ತೆರೆದ ಬಾಗಿಲಿನಿಂದ ನಿಮ್ಮ ಸೋದರತ್ತೆಯರೂ ಒಳಗೆ ಬರಬಹುದು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ, ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿದ್ದು, ಪ್ರಾಥಮಿಕ ಡಿಕ್ರಿಯ ನಂತರವೂ ಪಾಲಿನ ಪ್ರಮಾಣವನ್ನು ಬದಲಾದ ಕಾನೂನಿನಂತೆ ತಿದ್ದಬಹುದು ಎಂಬುದು 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಪಷ್ಟವಾಗಿದೆ. ಅವರನ್ನು ಬಿಟ್ಟು ಲೆಕ್ಕ ಹಾಕಬೇಡಿ. ಅದು ನ್ಯಾಯವೂ ಅಲ್ಲ, ನಡೆಯುವಂಥದ್ದೂ ಅಲ್ಲ.

ಹಳೆಯ ಡಿಕ್ರಿ ಸಿಗುವುದು ತಡವಾಗುತ್ತದೆ ಎಂದು ಅದನ್ನು ಬದಿಗಿಟ್ಟು ಹೊಸದಾಗಿ ಪಾಲಿನ ದಾವೆ ಹೂಡುವ ಸಲಹೆಯೂ ನಿಮಗೆ ಬರಬಹುದು. ಅದನ್ನು ಒಪ್ಪಬೇಡಿ. ಅದೇ ಪಕ್ಷಕಾರರ ನಡುವೆ ಅದೇ ವಿಷಯ ಒಮ್ಮೆ ತೀರ್ಮಾನವಾಗಿದ್ದರೆ ಸಂಹಿತೆಯ 11ನೆಯ ಕಲಮು ಎರಡನೆಯ ದಾವೆಯನ್ನು ತಡೆಯುತ್ತದೆ. ಗೊತ್ತಿದ್ದೂ ಹಿಂದಿನ ದಾವೆಯನ್ನು ಮುಚ್ಚಿಟ್ಟರೆ ತಡೆಯಾಜ್ಞೆಯೂ ಸಿಗದು, ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನ್ಯಾಯಾಲಯಕ್ಕೆ ನಂಬಿಕೆಯೂ ಉಳಿಯದು.

ಕಡತ ನಿಜವಾಗಿಯೂ ಇಲ್ಲವೆಂದಾದರೆ ಏನು ಮಾಡುವುದು? ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ, ನಾಶಪಡಿಸಲಾಗಿದೆ ಅಥವಾ ಲಭ್ಯವಿಲ್ಲ ಎಂಬ ಹಿಂಬರಹವನ್ನು ಲಿಖಿತವಾಗಿ ಪಡೆಯಿರಿ. ಆ ಒಂದು ಹಾಳೆ ನಿಮ್ಮ ಮುಂದಿನ ಎಲ್ಲ ಕೆಲಸಕ್ಕೂ ಬೇಕು. ಮೂಲ ನಾಶವಾಗಿದೆ ಎಂದು ತೋರಿಸಿದಾಗ ಮಾತ್ರ ಹಳೆಯ ಪ್ರತಿಗಳನ್ನು ದ್ವಿತೀಯಕ ಸಾಕ್ಷ್ಯವಾಗಿ, ಈಗಿನ ಸಾಕ್ಷ್ಯ ಅಧಿನಿಯಮದ 60ನೆಯ ಕಲಮಿನಂತೆ, ಮುಂದಿಡಲು ಅವಕಾಶ ಸಿಗುತ್ತದೆ. ಆಗ ದಾವೆ ರಿಜಿಸ್ಟರಿನ ಆ ಸಾಲಿನ ದೃಢೀಕೃತ ಉದ್ಧೃತಿ, ಮೇಲ್ಮನವಿ ತೀರ್ಪಿನ ನಕಲು, ಎಂ.ಆರ್. ಕಡತದಲ್ಲಿನ ಪ್ರತಿ, ಇವೆಲ್ಲ ಸೇರಿ ಡಿಕ್ರಿಯ ಜಾಗದಲ್ಲಿ ನಿಲ್ಲಬಲ್ಲವು. ಪಕ್ಷಕಾರರ ಬಳಿ ಇರುವ ಪ್ರತಿಗಳಿಂದ ಕಡತವನ್ನು ಪುನರ್ರಚಿಸುವಂತೆ ಸಂಹಿತೆಯ 151ನೆಯ ಕಲಮಿನಡಿ ಅರ್ಜಿ ಕೊಡುವ ದಾರಿಯೂ ಇದೆ. ಎದುರು ಪಕ್ಷ ತಕರಾರು ಮಾಡಿದರೆ ಅದು ದೀರ್ಘ ಕಾಲ ಹಿಡಿಯುತ್ತದೆ. ಮೂವತ್ತು ವರ್ಷ ಹಳೆಯ ಕಾಗದ ತಾನಾಗಿಯೇ ಸಾಬೀತಾಗುತ್ತದೆ ಎಂದು ಯಾರಾದರೂ ಹೇಳಿದರೆ, ಆ ನಿಯಮ ಮೂಲ ದಾಖಲೆಗೇ ಹೊರತು ನಿಮ್ಮ ಮಸುಕಾದ ಜೆರಾಕ್ಸಿಗೆ ಅಲ್ಲ ಎಂಬುದನ್ನು ನೆನಪಿಡಿ.

15,000 ರೂಪಾಯಿ ಕೇಳಿದವರ ಬಗ್ಗೆ ನೇರವಾಗಿ ಹೇಳುತ್ತೇನೆ: ಕೊಡಬೇಡಿ. ಅಧಿಕೃತ ಶುಲ್ಕ ಅದರ ಹತ್ತಿರಕ್ಕೂ ಬರುವುದಿಲ್ಲ. ಹಣಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ‘ಹೇಗಾದರೂ’ ತೆಗೆಸಿದ ಕಾಗದದ ಮೇಲೆ ನಕಲು ಅರ್ಜಿಯ ಸಂಖ್ಯೆ, ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ, ಅಧಿಕಾರಿಯ ಸಹಿ ಮತ್ತು ನ್ಯಾಯಾಲಯದ ಮೊಹರು ಇರುವುದಿಲ್ಲ, ಅಥವಾ ಇದ್ದರೂ ನಿಜವಾದವೋ ಅಲ್ಲವೋ ತಿಳಿಯದು. ಅಂಥ ಕಾಗದವನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿ ಅದು ಖೊಟ್ಟಿ ಎಂದು ಗೊತ್ತಾದರೆ, ಕ್ರಿಮಿನಲ್ ಪ್ರಕರಣ ಎದುರಿಸುವವರು ನೀವು, ತೆಗೆಸಿಕೊಟ್ಟವರಲ್ಲ.

ಮಾರಾಟದ ವಿಷಯದಲ್ಲಿ ನಕಲು ಬರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಉಪನೋಂದಣಾಧಿಕಾರಿಗೆ ತಕರಾರು ಅರ್ಜಿ ಕೊಟ್ಟರೆ ನೋಂದಣಿ ನಿಲ್ಲುತ್ತದೆ ಎಂದು ನಂಬಬೇಡಿ. ಅದನ್ನು ನಿಲ್ಲಿಸಲು ನ್ಯಾಯಾಲಯದ ತಡೆಯಾಜ್ಞೆಯೇ ಬೇಕು. ಆದರೆ ಸ್ವತ್ತು ವರ್ಗಾವಣೆ ಅಧಿನಿಯಮದ 52ನೆಯ ಕಲಮಿನ ವಿವರಣೆಯಂತೆ, ಅಂತಿಮ ಡಿಕ್ರಿಯಾಗಿ ಅದು ಪೂರ್ತಿ ಜಾರಿಯಾಗುವವರೆಗೆ ಅಥವಾ ಜಾರಿಯ ಅವಧಿ ಮೀರುವವರೆಗೆ ದಾವೆ ಬಾಕಿ ಇದ್ದಂತೆಯೇ ಲೆಕ್ಕ. ಪ್ರಾಥಮಿಕ ಡಿಕ್ರಿಯಲ್ಲಿ ನಿಂತ ದಾವೆಯ ಆಸ್ತಿಯನ್ನು ಕೊಂಡವರು ಆ ದಾವೆಯ ಫಲಿತಾಂಶಕ್ಕೆ ಬದ್ಧರಾಗುತ್ತಾರೆ. ದಾವೆ ಸಂಖ್ಯೆ ಸಿಕ್ಕ ದಿನವೇ ನಿಮ್ಮ ವಕೀಲರಿಂದ ಮಾರುವವರಿಗೂ, ಗೊತ್ತಿದ್ದರೆ ಕೊಳ್ಳುವವರಿಗೂ, ನೋಂದಾಯಿತ ಅಂಚೆಯಲ್ಲಿ ಆ ಸಂಖ್ಯೆ ಮತ್ತು ಸರ್ವೆ ನಂಬರುಗಳನ್ನು ತಿಳಿಸುವ ನೋಟಿಸು ಕಳುಹಿಸಿ. ಪ್ರಾಥಮಿಕ ಡಿಕ್ರಿಯಷ್ಟೇ ಆಗಿದೆ ಎಂದು ರಿಜಿಸ್ಟರಿನಿಂದ ಖಚಿತವಾದರೆ, ಪೂರ್ತಿ ನಕಲುಗಳಿಗೆ ಕಾಯದೆ, ರಿಜಿಸ್ಟರಿನ ಉದ್ಧೃತಿಯನ್ನೂ ನಕಲು ಅರ್ಜಿ ಸಲ್ಲಿಸಿದ ರಸೀದಿಯನ್ನೂ ಇಟ್ಟುಕೊಂಡು ಅಂತಿಮ ಡಿಕ್ರಿಯ ಅರ್ಜಿಯನ್ನೂ ಅದರ ಜೊತೆಗೆ ತಡೆಯಾಜ್ಞೆಯ ಕೋರಿಕೆಯನ್ನೂ ಸಲ್ಲಿಸಬಹುದು. ಮೂಲ ಕಡತವನ್ನು ದಾಖಲೆ ಕೊಠಡಿಯಿಂದ ತರಿಸಿಕೊಳ್ಳುವಂತೆ ಆ ಅರ್ಜಿಯಲ್ಲಿ ನ್ಯಾಯಾಲಯವನ್ನೇ ಕೇಳಿಕೊಳ್ಳಿ. 13ನೆಯ ಆದೇಶದ 10ನೆಯ ನಿಯಮ ಅದಕ್ಕೆ ಅಧಿಕಾರ ಕೊಡುತ್ತದೆ, ಮತ್ತು ನ್ಯಾಯಾಧೀಶರ ಲಿಖಿತ ಆದೇಶ ಬಂದಾಗ ದಾಖಲೆ ಕೊಠಡಿಯ ಸಿಬ್ಬಂದಿ ಕಡತ ಹುಡುಕಿ ಕಳುಹಿಸಬೇಕು, ಇಲ್ಲವೇ ಸಿಗದಿದ್ದರೆ ಏಕೆ ಸಿಗಲಿಲ್ಲ ಎಂದು ವರದಿ ಕೊಡಬೇಕಾಗುತ್ತದೆ.